ಗಾಳಿಯ ದಿಕ್ಕೂ ಗ್ಲೈಡರಿನ ಇಳಿತವೂ

ಎಂಜಿನ್ನುಳ್ಳ ವಿಮಾನವು ಇಳಿಯುವ ಹೊತ್ತಿಗೆ ಲೆಕ್ಕ ತಪ್ಪಿತೆಂದು ಚಾಲಕನಿಗೆ ತೋರಿದರೆ, ಅವನು ಯಂತ್ರದ ಬಲವನ್ನು ಹೆಚ್ಚಿಸಿ ಪುನಃ ಮೇಲಕ್ಕೇರಿ, ಒಂದು ಸುತ್ತು ಹಾಕಿ ಬಂದು, ಎರಡನೆಯ ಸಲ ಪ್ರಯತ್ನಿಸಬಹುದು. ಗ್ಲೈಡರಿಗೆ ಈ ಎರಡನೆಯ ಸಲವೆಂಬುದಿಲ್ಲ. ಅದಕ್ಕಿರುವ ಆಸ್ತಿಯೆಲ್ಲ ಅದರ ಎತ್ತರವೊಂದೇ. ಆ ಎತ್ತರವನ್ನು ಸ್ವಲ್ಪಸ್ವಲ್ಪವಾಗಿ ಖರ್ಚುಮಾಡುತ್ತ ಅದು ಮುಂದಕ್ಕೆ ಸಾಗುತ್ತದೆ; ಖರ್ಚು ಮುಗಿದಲ್ಲಿ ಇಳಿಯಲೇಬೇಕು. ಹೀಗಿರುವಾಗ ಆ ಖರ್ಚಿನಲ್ಲಿ ದೊಡ್ಡ ಪಾಲುದಾರನಾದ ಗಾಳಿಯು ಯಾವ ಕಡೆಯಿಂದ ಬೀಸುತ್ತಿದೆಯೆಂಬುದು ಗ್ಲೈಡರು ನಡೆಸುವವನಿಗೆ ಪ್ರಾಣದ ಪ್ರಶ್ನೆಯೇ ಹೌದು.

ನಮ್ಮ ಬೆಂಗಳೂರಿಗೆ ಈ ವಿಷಯ ತೀರ ಹೊಸದಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರ ಸಾಹಸದಿಂದಲೂ ಮೈಸೂರು ಸರ್ಕಾರದ ನೆರವಿನಿಂದಲೂ ಇಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಸ್ಥಾಪಿತವಾಯಿತಷ್ಟೆ. ಯುದ್ಧದ ಆ ವರ್ಷಗಳಲ್ಲಿಯೇ ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿ ಹತ್ತು ಮಂದಿ ಕೂರಬಹುದಾದ ಒಂದು ಗ್ಲೈಡರನ್ನು ರೂಪಿಸಿ ಕಟ್ಟಿದರು. ಆ ಕಾರ್ಖಾನೆಯಲ್ಲಿ ಸ್ವತಂತ್ರವಾಗಿ ಯೋಚಿಸಿ ಮಾಡಿದ ಮೊದಲ ಹಾರುಯಂತ್ರವು ಎಂಜಿನ್ನೇ ಇಲ್ಲದ್ದೆಂಬುದು ನೆನಪಿನಲ್ಲಿಡಲು ಯೋಗ್ಯವಾದ ಸಂಗತಿ.

ಮೊದಲು ಗಾಳಿಗೆ ಹೆಸರಿಡುವ ಕ್ರಮವನ್ನು ಹೇಳಿಬಿಡುತ್ತೇನೆ. ಪಡುವಣ ಗಾಳಿಯೆಂದರೆ ಪಡುವಲಿಂದ ಬರುವ ಗಾಳಿ, ಪಡುವಲಿಗೆ ಹೋಗುವುದಲ್ಲ. ಬೆಂಗಳೂರಿನಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯಗಳಿಂದ ಬೀಸುತ್ತದೆ. ರಾಮನಗರದ ಬಂಡೆಬೆಟ್ಟಗಳ ಕಡೆಯಿಂದ ಹೊರಟು ಕೆಂಗೇರಿಯನ್ನು ದಾಟಿ, ವೃಷಭಾವತಿಯ ಕಣಿವೆಯನ್ನು ಹಾಯ್ದು, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳ ಮಹಡಿಗಳ ಮೇಲೆ ಒಣಹಾಕಿದ ಬಟ್ಟೆಗಳನ್ನು ಪೂರ್ವದ ಕಡೆಗೆ ಹಾರಿಸುವ ಗಾಳಿ ಇದೇ. ನವೆಂಬರಿನಿಂದ ಫೆಬ್ರವರಿಯವರೆಗೆ ಅದೇ ಬಟ್ಟೆಗಳು ಪಶ್ಚಿಮಕ್ಕೆ ಹಾರುತ್ತವೆ. ಆಗಿನದು ಮೂಡಣ ಅಥವಾ ಈಶಾನ್ಯದ ಗಾಳಿ. ನಡುವಣ ತಿಂಗಳುಗಳಲ್ಲಿ ಗಾಳಿಗೆ ಸ್ಥಿರವಾದ ಮನಸ್ಸಿಲ್ಲ.

ಈ ಋತುಧರ್ಮವೇ ನಮ್ಮ ವಿಮಾನನಿಲ್ದಾಣಗಳ ಓಡುದಾರಿಗಳನ್ನು ಮಲಗಿಸಿರುವ ಬಗೆಯನ್ನು ನಿರ್ಧರಿಸಿದೆ. ಕಾರ್ಖಾನೆಯ ಹಳೆಯ ನಿಲ್ದಾಣ, ಯಲಹಂಕ, ಜಕ್ಕೂರು, 2008ರ ಮೇ ತಿಂಗಳಲ್ಲಿ ಬಾಗಿಲು ತೆರೆದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣ, ಎಲ್ಲೆಲ್ಲಿಯೂ ಓಡುದಾರಿಯು ಹೆಚ್ಚುಕಡಮೆ ಪೂರ್ವಪಶ್ಚಿಮವಾಗಿಯೇ ಇದೆ. ಅದರ ಒಂದು ತುದಿಯಲ್ಲಿ 09 ಎಂದೂ ಇನ್ನೊಂದರಲ್ಲಿ 27 ಎಂದೂ ಬರೆದಿದ್ದರೆ, ಅವಕ್ಕೊಂದು ಸೊನ್ನೆಯನ್ನು ಸೇರಿಸಿ ಓದಿಕೊಳ್ಳತಕ್ಕದ್ದು: 90 ಡಿಗ್ರಿಯೆಂದರೆ ಪೂರ್ವಕ್ಕೆ ಮುಖ, 270 ಎಂದರೆ ಪಶ್ಚಿಮಕ್ಕೆ ಮುಖ. ಹಳೆಯ ನಿಲ್ದಾಣವೇ ಊರಿನ ನಿಲ್ದಾಣವಾಗಿದ್ದ ಕಾಲದಲ್ಲಿ ಮೂಡಣ ಗಾಳಿಯ ದಿನಗಳಂದು ವಿಮಾನಗಳು ನಗರದ ಮೇಲಿಂದ ಬಂದು ಪೂರ್ವಾಭಿಮುಖವಾಗಿ ಇಳಿಯುತ್ತಿದ್ದವು. ಪಡುವಣ ಗಾಳಿಯಲ್ಲಿ ನಗರದ ಕಡೆಗೇ ಏರುತ್ತಿದ್ದವು. ಏರುವುದಕ್ಕೂ ಇಳಿಯುವುದಕ್ಕೂ ಗಾಳಿಗೆ ಎದುರಾಗಿರಬೇಕೆಂಬುದೇ ನಿಯಮ.

ಬೆನ್ನಿಗೆ ಗಾಳಿಯಿದ್ದರೆ ಬೇಗ ಬರಬಹುದಲ್ಲ, ಎದುರುಗಾಳಿಯನ್ನು ಏಕೆ ಹುಡುಕಿಕೊಂಡು ಹೋಗಬೇಕು ಎಂದು ಕೇಳುವವರುಂಟು. ಬೇಗ ಬರಬಹುದು, ನಿಜ. ಆದರೆ ಇಳಿಯುವಾಗ ಬೇಗವೇ ಶತ್ರು. ಗ್ಲೈಡರಿನ ರೆಕ್ಕೆಯು ಭಾರವನ್ನು ಹೊರುವುದು ತನ್ನ ಮೇಲೆ ಹಾಯುವ ಗಾಳಿಯ ವೇಗದಿಂದ. ಇದು ವಾಯುವೇಗ. ಚಕ್ರವು ನೆಲವನ್ನು ಮುಟ್ಟಿದಾಗ ಲೆಕ್ಕಕ್ಕೆ ಬರುವುದು ಬೇರೊಂದು ವೇಗ, ಅದು ನೆಲವೇಗ. ಗಾಳಿಯಿಲ್ಲದ ದಿನ ಎರಡೂ ಒಂದೇ. ಗಾಳಿಯಿದ್ದ ದಿನ ಎರಡೂ ಬೇರೆಬೇರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಗ್ಲೈಡರು ಗಂಟೆಗೆ 90 ಕಿಲೋಮೀಟರು, ಅಂದರೆ ಸೆಕೆಂಡಿಗೆ 25 ಮೀಟರು ವಾಯುವೇಗದಲ್ಲಿ ಇಳಿಯುತ್ತಿದೆಯೆನ್ನಿ. ರೆಕ್ಕೆಯ ಮೇಲಿನ ತಡೆಹಲಗೆಗಳನ್ನು ತೆರೆದು ಸೆಕೆಂಡಿಗೆ 3 ಮೀಟರಿನಂತೆ ಎತ್ತರವನ್ನು ಕಳೆಯುತ್ತಿದೆ. 90 ಮೀಟರು ಎತ್ತರದಿಂದ ನೆಲ ಮುಟ್ಟಲು ಅದಕ್ಕೆ 30 ಸೆಕೆಂಡು. ನಿಶ್ಚಲವಾದ ಗಾಳಿಯಲ್ಲಿ ಈ ಅವಧಿಯಲ್ಲಿ ಅದು 750 ಮೀಟರು ಮುಂದೆ ಹೋಗುತ್ತದೆ. ಗಂಟೆಗೆ 18 ಕಿಲೋಮೀಟರಿನ ಎದುರುಗಾಳಿಯಿದ್ದರೆ 600 ಮೀಟರು; ಅದೇ ಗಾಳಿ ಬೆನ್ನಿಗಿದ್ದರೆ 900 ಮೀಟರು. ಒಂದೇ ಎತ್ತರ, ಒಂದೇ ಯಂತ್ರ, ಒಂದೇ ಕೈ. ಆದರೂ ಇಳಿಯುವ ಜಾಗ 300 ಮೀಟರು ಅತ್ತಿತ್ತ. ಇಷ್ಟಕ್ಕೇ ಮುಗಿಯಲಿಲ್ಲ. ಎದುರುಗಾಳಿಯಲ್ಲಿ ಚಕ್ರ ನೆಲ ಮುಟ್ಟುವ ವೇಗ ಗಂಟೆಗೆ 72 ಕಿಲೋಮೀಟರು, ಹಿಂಗಾಳಿಯಲ್ಲಿ 108. ಚಲನೆಯ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಎರಡನೆಯ ಇಳಿತದಲ್ಲಿ ಬ್ರೇಕು ನುಂಗಿಕೊಳ್ಳಬೇಕಾದ ಶಕ್ತಿ ಮೊದಲಿನದರ ಎರಡೂಕಾಲು ಪಾಲು. ಹೊಲದ ಅಂಚಿನಲ್ಲಿ ಕಲ್ಲಿನ ಕಟ್ಟೆಯೊಂದಿದ್ದರೆ ಈ ಎರಡೂಕಾಲರ ಅರ್ಥ ಚೆನ್ನಾಗಿ ತಿಳಿಯುತ್ತದೆ.

ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯು ಕಡಲತೀರದ್ದಕ್ಕಿಂತ ನೂರಕ್ಕೆ ಎಂಟರಷ್ಟು ವಿರಳ. ಆದಕಾರಣ ಇಲ್ಲಿ ವೇಗಮಾಪಕವು ತೋರಿಸುವುದಕ್ಕಿಂತ ನಿಜವಾದ ವೇಗ ನೂರಕ್ಕೆ ನಾಲ್ಕರಷ್ಟು ಹೆಚ್ಚಾಗಿರುತ್ತದೆ. ಮಂಗಳೂರಿನಲ್ಲಿ ಸಾಕಾಗುವ ಹೊಲ ಇಲ್ಲಿ ಸ್ವಲ್ಪ ಸಾಲದೆ ಹೋಗಬಹುದು.

ಹಾರಾಟದ ಆದಿಪುರುಷರಿಗೆ ಇದೆಲ್ಲ ಅನುಭವದಿಂದ ತಿಳಿದಿತ್ತು. ಜರ್ಮನಿಯ ಓಟ್ಟೋ ಲಿಲಿಯೆಂಥಾಲನು 1894ರಲ್ಲಿ ಬರ್ಲಿನ್ನಿನ ಬಳಿ ಸುಮಾರು 15 ಮೀಟರು ಎತ್ತರದ ಶಂಕುವಿನಾಕಾರದ ಗುಡ್ಡವೊಂದನ್ನು ಮಣ್ಣಿನಿಂದ ಕಟ್ಟಿಸಿದ. ಗುಡ್ಡ ಎಲ್ಲ ಕಡೆಯಿಂದಲೂ ಒಂದೇ ಸಮನಾಗಿದ್ದರೆ, ಗಾಳಿ ಯಾವ ದಿಕ್ಕಿನಿಂದ ಬಂದರೂ ಅದಕ್ಕೆ ಎದುರಾಗಿ ಹಾರಬಹುದಲ್ಲವೆ? 1896ರ ಆಗಸ್ಟಿನಲ್ಲಿ ಬೇರೊಂದು ಬೆಟ್ಟದಿಂದ ಹಾರಿದಾಗ ಗಾಳಿಯೇ ಅವನನ್ನು ಕೆಡವಿ ಕೊಂದಿತು. ರೈಟ್ ಸಹೋದರರು 1900ರಲ್ಲಿ ಕಿಟಿ ಹಾಕ್ ಎಂಬ ಮರಳುದಿಣ್ಣೆಗಳ ಊರನ್ನು ಅರಸಿಕೊಂಡು ಹೋದದ್ದೂ ಅಲ್ಲಿನ ಬಿಡದೆ ಬೀಸುವ ಗಾಳಿಗಾಗಿಯೇ.

ಈಗ ನಮ್ಮೂರಿನ ಮೇಲೆಯೇ ಒಂದು ಗ್ಲೈಡರನ್ನು ಹಾರಿಸಿ ನೋಡೋಣ. ಕಾಗದದ ಮೇಲೆ ಎಂದು ಬೇರೆ ಹೇಳಬೇಕಿಲ್ಲ. ನಗರದ ಮೇಲಣ ಆಕಾಶ ಈಗ ನಿಯಮಗಳಿಗೆ ಒಳಪಟ್ಟಿದೆ. ಗ್ಲೈಡರು ಕೆಂಗೇರಿಯ ನೆತ್ತಿಯಲ್ಲಿದೆ. ಸೇರಬೇಕಾದದ್ದು ಜಕ್ಕೂರು. ಹಕ್ಕಿಯ ದಾರಿಯಲ್ಲಿ ಇದು ಈಶಾನ್ಯದ ಕಡೆಗೆ ಸುಮಾರು 22 ಕಿಲೋಮೀಟರು. ದಾರಿಯು ವಿಜಯನಗರದ ಪಶ್ಚಿಮಭಾಗವನ್ನು ಬಳಸಿ, ಬಸವೇಶ್ವರನಗರ ರಾಜಾಜಿನಗರಗಳ ಮೇಲೆ ಹಾಯ್ದು, ಹೆಬ್ಬಾಳದ ಮಗ್ಗುಲಲ್ಲಿ ಹೋಗುತ್ತದೆ. ನಮ್ಮ ಗ್ಲೈಡರು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ, ಒಂದು ಮೀಟರು ಇಳಿಯುವಷ್ಟರಲ್ಲಿ 24 ಮೀಟರು ಮುಂದೆ ಸಾಗುವ ಸಾಧಾರಣ ಯಂತ್ರ. ಎತ್ತರ ಜಕ್ಕೂರಿನ ನೆಲದಿಂದ ಅಳೆದರೆ 1,200 ಮೀಟರು. ಇದರಲ್ಲಿ 200 ಮೀಟರನ್ನು ಜಕ್ಕೂರನ್ನು ಸೇರಿದಮೇಲೆ ಸುತ್ತಿ ಇಳಿಯುವುದಕ್ಕೆಂದು ಕಟ್ಟಿಟ್ಟ ಗಂಟಾಗಿ ಇಡೋಣ. ಪ್ರಯಾಣಕ್ಕೆ ಉಳಿದದ್ದು 1,000 ಮೀಟರು.

ನಿಶ್ಚಲವಾದ ಗಾಳಿಯಲ್ಲಿ ಈ ಸಾವಿರ ಮೀಟರು 24 ಕಿಲೋಮೀಟರಿಗೆ ಸಾಕು. ಎರಡು ಕಿಲೋಮೀಟರಿನ ಸದರ ಉಳಿಯುತ್ತದೆ. ಜುಲೈ ತಿಂಗಳಲ್ಲಿ ನೈಋತ್ಯದ ಗಾಳಿ ಗಂಟೆಗೆ 20 ಕಿಲೋಮೀಟರಿನಂತೆ ಬೆನ್ನಿಗೆ ಬಂದರೆ 30 ಕಿಲೋಮೀಟರು ಹೋಗಬಹುದು. ಡಿಸೆಂಬರಿನಲ್ಲಿ ಅದೇ ಬಲದ ಈಶಾನ್ಯದ ಗಾಳಿ ಮುಖಕ್ಕೆ ಬಡಿದರೆ 18 ಕಿಲೋಮೀಟರಿಗೇ ಸಾವಿರ ಮೀಟರು ಮುಗಿದುಹೋಯಿತು. ಗ್ಲೈಡರು ಆಗ ಹೆಬ್ಬಾಳದ ಈಚೆಗೆ, ಮನೆಗಳ ಮೇಲೆ, 200 ಮೀಟರು ಎತ್ತರದಲ್ಲಿದೆ. ಕಟ್ಟಿಟ್ಟ ಗಂಟನ್ನೂ ಬಿಚ್ಚಿದರೆ ಇನ್ನು 3,600 ಮೀಟರು ಹೋಗಬಹುದು. ಉಳಿದಿರುವ ದಾರಿ 4,000. ಎದುರುಗಾಳಿಯಲ್ಲಿ ವೇಗವನ್ನು ಸ್ವಲ್ಪ ಹೆಚ್ಚಿಸಿಕೊಂಡರೆ ನಷ್ಟ ಕೊಂಚ ಕಡಮೆಯಾಗುವುದೆಂದು ಬಲ್ಲವರು ಹೇಳುತ್ತಾರೆ, ಅದು ಸರಿಯೇ. ಆದರೆ ಆ ಕೊಂಚದ ಮೇಲೆ ಪ್ರಾಣವನ್ನು ಒತ್ತೆಯಿಡಲಾಗದು.

ಹಾಗಾದರೆ ಅವನು ಎಲ್ಲಿ ತೀರ್ಮಾನಿಸಬೇಕಾಗಿತ್ತು? ಈ ಪ್ರಶ್ನೆಯೇ ಮುಖ್ಯವಾದದ್ದು. ಹಿಂದಿರುಗಿದರೆ ಅದೇ ಗಾಳಿ ಬೆನ್ನಿಗೆ ಬರುತ್ತದೆ, ಒಂದು ಮೀಟರಿಗೆ 30 ಮೀಟರು ದೊರೆಯುತ್ತದೆ. ಲೆಕ್ಕ ಹಾಕಿದರೆ ಕೆಂಗೇರಿಯಿಂದ 11 ಕಿಲೋಮೀಟರಿಗೆ ಸ್ವಲ್ಪ ಮೇಲ್ಪಟ್ಟು ಹೋದವನು ಗಂಟನ್ನು ಮುಟ್ಟದೆ ಕೆಂಗೇರಿಗೆ ಮರಳಲಾರ. ಆ 11 ಕಿಲೋಮೀಟರಿನ ಗುರುತು ಬೀಳುವುದು ಬಸವೇಶ್ವರನಗರ ರಾಜಾಜಿನಗರಗಳ ನಡುವೆ. ಕೆಂಗೇರಿಯ ನೆಲ ಜಕ್ಕೂರಿಗಿಂತ ತಗ್ಗಾದ್ದರಿಂದ ಅವನಿಗೆ ಸ್ವಲ್ಪ ರಿಯಾಯಿತಿ ಉಂಟು. ಆದರೂ ರಾಜಾಜಿನಗರವನ್ನು ದಾಟಿದ ಬಳಿಕ ಅವನಿಗೆ ಮುಂದೆ ನಿಲ್ದಾಣವಿಲ್ಲ, ಹಿಂದೆ ಹೊಲವಿಲ್ಲ. ಕೆಳಗೆ ಕಾಣುವ ಬೀದಿಗಳಲ್ಲಿ ತಂತಿಗಳೂ ಬಸ್ಸುಗಳೂ ಇರುತ್ತವೆ. ಗಮನಿಸಿರಿ, ಆ ಸ್ಥಳದಲ್ಲಿ ಅವನ ಕೈಯಲ್ಲಿ ಇನ್ನೂ 500 ಮೀಟರಿಗೂ ಹೆಚ್ಚು ಎತ್ತರವಿದೆ, ಆಕಾಶ ನಿರ್ಮಲವಾಗಿದೆ, ಏನೂ ಕೆಟ್ಟಂತೆ ತೋರುವುದಿಲ್ಲ. ಅಪಾಯವು ನಡೆದುಹೋಗಿರುತ್ತದೆ, ತಿಳಿಯುವುದು ಆರೇಳು ನಿಮಿಷಗಳ ಮೇಲೆ.

ಜುಲೈ ತಿಂಗಳ ಗ್ಲೈಡರಿಗೂ ಒಂದು ತೊಡಕುಂಟು. ನೈಋತ್ಯದ ಗಾಳಿ ಅದನ್ನು ಎತ್ತಿಕೊಂಡು ಬಂದಂತೆ ಜಕ್ಕೂರಿಗೆ ತಂದಿತು. ಆದರೆ ನೆಟ್ಟಗೆ ಬಂದು ಇಳಿಯುವಂತಿಲ್ಲ. ಪೂರ್ವದ ಕಡೆಗೆ ಸ್ವಲ್ಪ ದೂರ ಮುಂದೆ ಹೋಗಿ, ತಿರುಗಿ, ತನ್ನನ್ನು ಕರೆತಂದ ಗಾಳಿಗೇ ಎದುರಾಗಿ ಇಳಿಯಬೇಕು. ಇದಕ್ಕೇ ಆ 200 ಮೀಟರಿನ ಗಂಟು.

ಈ ಕೊನೆಯ ಸುತ್ತಿಗೆ ಮೂರು ಮಗ್ಗುಲು. ಮೊದಲು ಓಡುದಾರಿಗೆ ಸಮಾನಾಂತರವಾಗಿ ಗಾಳಿಯ ಜೊತೆಗೆ, ಆಮೇಲೆ ಅಡ್ಡಲಾಗಿ, ಕೊನೆಗೆ ಗಾಳಿಗೆ ಎದುರಾಗಿ. ಗಾಳಿ ಬಲವಾಗಿದ್ದ ದಿನ ಮೊದಲನೆಯ ಮಗ್ಗುಲು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಎರಡನೆಯದರಲ್ಲಿ ಗಾಳಿಯು ಗ್ಲೈಡರನ್ನು ನಿಲ್ದಾಣದಿಂದ ಹೊರಕ್ಕೆ ನೂಕುತ್ತಲೇ ಇರುತ್ತದೆ. ಆದಕಾರಣ ಮೂತಿಯನ್ನು ನಿಲ್ದಾಣದ ಕಡೆಗೆ ಓರೆಯಾಗಿ ಹಿಡಿಯಬೇಕು, ಸುತ್ತನ್ನೇ ಚಿಕ್ಕದಾಗಿ ಹತ್ತಿರದಲ್ಲಿ ಮಾಡಬೇಕು. ನಿಶ್ಚಲವಾದ ದಿನ ಎಲ್ಲಿ ತಿರುಗಿದೆನೋ ಇಂದೂ ಅಲ್ಲಿಯೇ ತಿರುಗುತ್ತೇನೆಂಬ ಅಭ್ಯಾಸಬಲದವನು ಬೇಲಿಯ ಆಚೆಯೇ ಇಳಿಯುತ್ತಾನೆ.

ಇಲ್ಲಿಯೇ ಒಂದು ದೃಷ್ಟಿಭ್ರಮೆಯೂ ಹೊಂಚುಹಾಕಿರುತ್ತದೆ. ಗಾಳಿಯ ಜೊತೆಗೆ ತಗ್ಗಿನಲ್ಲಿ ಹಾರುವಾಗ ಮರಗಳೂ ಮನೆಗಳೂ ಬಹಳ ವೇಗವಾಗಿ ಹಿಂದೆ ಸರಿಯುತ್ತವೆ. ನಾನು ಅತಿವೇಗದಲ್ಲಿದ್ದೇನೆಂದು ಕಣ್ಣು ಹೇಳುತ್ತದೆ. ಹೊಸಬನು ಕಣ್ಣನ್ನು ನಂಬಿ ಮೂತಿಯನ್ನು ಮೇಲಕ್ಕೆತ್ತಿ ವೇಗ ತಗ್ಗಿಸುತ್ತಾನೆ. ರೆಕ್ಕೆಗೆ ಬೇಕಾದದ್ದು ವಾಯುವೇಗ. ಅದು ಮೊದಲೇ ಅಷ್ಟಕ್ಕಷ್ಟೆ ಇತ್ತು. ತಿರುವಿನಲ್ಲಿ ರೆಕ್ಕೆಯು ಹಿಡಿತ ಬಿಟ್ಟು, ಗ್ಲೈಡರು ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುತ್ತದೆ. ನೂರು ಮೀಟರು ಎತ್ತರದಲ್ಲಿ ಅದನ್ನು ಸರಿಪಡಿಸಲು ಅವಕಾಶವಿರುವುದಿಲ್ಲ. ನೆಲವನ್ನು ನೋಡಿ ದಾರಿ ಹಿಡಿ, ಮಾಪಕವನ್ನು ನೋಡಿ ವೇಗ ಹಿಡಿ ಎಂದು ಕಲಿಸುವವರು ಬಾಯಿ ನೋಯುವಂತೆ ಹೇಳುವುದು ಇದಕ್ಕಾಗಿ.

ಎದುರುಗಾಳಿಯು ಮಿತ್ರನೆಂದೆನಷ್ಟೆ. ಈ ಮಿತ್ರನು ಕೊನೆಯ ಗಳಿಗೆಯಲ್ಲಿ ಕೈಬಿಡುವ ಸ್ವಭಾವದವನು. ನೆಲದ ಉಜ್ಜುವಿಕೆಯಿಂದಲೂ ಮರ ಕಟ್ಟಡಗಳ ತಡೆಯಿಂದಲೂ ಕೆಳಗಿನ ಗಾಳಿ ಮೇಲಿನದಕ್ಕಿಂತ ಮಂದವಾಗಿರುತ್ತದೆ. ಗ್ಲೈಡರು ಬಲವಾದ ಎದುರುಗಾಳಿಯಿಂದ ಈ ಮಂದವಾದ ಪದರಕ್ಕೆ ಇಳಿದೊಡನೆ ಅದರ ವಾಯುವೇಗ ಥಟ್ಟನೆ ಕುಗ್ಗುತ್ತದೆ, ಗ್ಲೈಡರು ಕುಸಿಯುತ್ತದೆ. ಆದ್ದರಿಂದ ಗಾಳಿಯ ವೇಗದ ಅರ್ಧದಷ್ಟನ್ನು ಇಳಿಯುವ ವೇಗಕ್ಕೆ ಮುಂಚೆಯೇ ಸೇರಿಸಿಕೊಂಡು ಬರುವುದು ಲೋಕರೂಢಿಯಾದ ಸೂತ್ರ.

ಗಾಳಿ ಯಾವಾಗಲೂ ಓಡುದಾರಿಯ ನೇರಕ್ಕೇ ಬೀಸುವ ಉಪಕಾರವನ್ನು ಮಾಡುವುದಿಲ್ಲ. ಮುಂಗಾರಿನಲ್ಲಿ ಪಶ್ಚಿಮಕ್ಕೆ ಮುಖಮಾಡಿ ಇಳಿಯುವವನಿಗೆ ಗಾಳಿ ಮೂವತ್ತು ಡಿಗ್ರಿ ಎಡಗಡೆಯಿಂದ ಬಂದರೆ, ಅದರ ಅರ್ಧದಷ್ಟು ಬಲ ಅಡ್ಡಗಾಳಿಯಾಗಿ ಅವನನ್ನು ಬಲಕ್ಕೆ ತಳ್ಳುತ್ತದೆ. ಕಾವೇರಿಯನ್ನು ಹರಿಗೋಲಿನಲ್ಲಿ ದಾಟಿಸುವ ಅಂಬಿಗನು ಏನು ಮಾಡುತ್ತಾನೆ? ಎದುರುದಡದ ಕಟ್ಟೆಗೆ ನೇರವಾಗಿ ಹುಟ್ಟು ಹಾಕದೆ, ಪ್ರವಾಹಕ್ಕೆ ಸ್ವಲ್ಪ ಎದುರಾಗಿ ಹಾಕುತ್ತಾನೆ. ಹರಿಗೋಲು ಓರೆಯಾಗಿ ಹೊರಟು ನೇರವಾಗಿ ಸೇರುತ್ತದೆ. ಗ್ಲೈಡರಿನವನೂ ಮೂತಿಯನ್ನು ಗಾಳಿಯ ಕಡೆಗೆ ನಾಲ್ಕಾರು ಡಿಗ್ರಿ ತಿರುಗಿಸಿ ಏಡಿಯಂತೆ ಓರೆಯಾಗಿ ಬರುತ್ತಾನೆ. ಆದರೆ ಹರಿಗೋಲಿಗೆ ಚಕ್ರವಿಲ್ಲ. ಓರೆಯಾಗಿಯೇ ನೆಲ ಮುಟ್ಟಿದರೆ ಚಕ್ರವು ಮುರಿಯಬಹುದಾದ್ದರಿಂದ, ಮುಟ್ಟುವುದಕ್ಕೆ ಒಂದು ಕ್ಷಣ ಮುಂಚೆ ಕಾಲಿನ ಚುಕ್ಕಾಣಿಯಿಂದ ಮೂತಿಯನ್ನು ನೇರಮಾಡಿಕೊಳ್ಳಬೇಕು. ಇನ್ನೊಂದು ಉಪಾಯ, ಗಾಳಿಯ ಕಡೆಯ ರೆಕ್ಕೆಯನ್ನು ಸ್ವಲ್ಪ ಬಾಗಿಸಿ ಬರುವುದು. ಗ್ಲೈಡರಿನ ರೆಕ್ಕೆಗಳು ಉದ್ದ, ತುದಿಯಿಂದ ತುದಿಗೆ 15 ಮೀಟರು ಸಾಮಾನ್ಯ. ನೆಲಕ್ಕೂ ಅವಕ್ಕೂ ಅಂತರ ಕಡಮೆ. ಬಾಗುವುದರಲ್ಲಿ ಹದ ತಪ್ಪಿದರೆ ತುದಿ ನೆಲಕ್ಕೆ ತಗುಲಿ ಇಡೀ ಯಂತ್ರ ಗಿರ್ರನೆ ತಿರುಗೀತು.

ನಮ್ಮ ಸೀಮೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚಾಗಿ ಅಂಜುವುದು ಮುಂಗಾರಿಗೂ ಅಲ್ಲ, ಚಳಿಗಾಲದ ಗಾಳಿಗೂ ಅಲ್ಲ. ಏಪ್ರಿಲ್ ಮೇ ತಿಂಗಳ ಸಂಜೆಗಳಿಗೆ. ಆ ದಿನಗಳಲ್ಲಿ ನೆಲ ಕಾದು, ಬಿಸಿಗಾಳಿಯ ಕಂಬಗಳೆದ್ದು, ಗ್ಲೈಡರಿನವನಿಗೆ ಸುಗ್ಗಿಯೋ ಸುಗ್ಗಿ. ಹದ್ದುಗಳ ಜೊತೆಯಲ್ಲಿ ಸುತ್ತುತ್ತ ಗಂಟೆಗಟ್ಟಲೆ ಮೇಲಿರಬಹುದು. ಮೂರು ನಾಲ್ಕು ಗಂಟೆಗೆ ಎಲ್ಲೋ ಒಂದು ಮೋಡ ಬೆಳೆದು ಕಪ್ಪಾಗುತ್ತದೆ. ಮಾವಿನ ಮಳೆ ಸುರಿಯತೊಡಗಿದಾಗ ಮಳೆಯಿಂದ ತಣ್ಣಗಾದ ಭಾರವಾದ ಗಾಳಿಯು ಮೋಡದ ಬುಡದಿಂದ ಕೆಳಕ್ಕೆ ಧುಮುಕಿ, ನೆಲಕ್ಕೆ ಬಡಿದು, ಚೆಲ್ಲಿದ ನೀರಿನಂತೆ ಎಲ್ಲ ಕಡೆಗೂ ಹರಡುತ್ತದೆ. ಮಳೆಗಿಂತ ಹಲವು ಕಿಲೋಮೀಟರು ಮುಂದಾಗಿ ಈ ಗಾಳಿ ಓಡುತ್ತದೆ. ಮಳೆ ಬರುವುದಕ್ಕೆ ಮುಂಚೆ ಧೂಳೆದ್ದು, ಕಿಟಕಿಗಳು ದಡಬಡನೆ ಬಡಿದು, ಹಸಿಮಣ್ಣಿನ ವಾಸನೆ ಬರುವುದನ್ನು ತಾವೆಲ್ಲ ಬಲ್ಲಿರಿ. ಆ ಕ್ಷಣದಲ್ಲಿ ನಿಲ್ದಾಣದ ಗಾಳಿಚೀಲವು ಒಂದೆರಡು ನಿಮಿಷಗಳೊಳಗೆ ದಿಕ್ಕನ್ನು ಪೂರ್ತಿಯಾಗಿ ಬದಲಾಯಿಸಬಹುದು. ಎದುರುಗಾಳಿಯೆಂದು ನಂಬಿ ಕೊನೆಯ ಮಗ್ಗುಲಿಗೆ ತಿರುಗಿದವನಿಗೆ ಅದೇ ಹಿಂಗಾಳಿಯಾಗುತ್ತದೆ. ಎಂಜಿನ್ನುಳ್ಳ ದೊಡ್ಡ ವಿಮಾನಗಳೂ ಇದಕ್ಕೆ ಹೆದರಿ ದೂರದಲ್ಲಿ ಸುತ್ತುತ್ತ ಕಾಯುತ್ತವೆ. ಕಾಯುವ ಶಕ್ತಿಯಿಲ್ಲದ ಗ್ಲೈಡರು ಮೋಡ ಬಲಿಯುವ ಮುನ್ನವೇ ನೆಲದಲ್ಲಿರಬೇಕು.

ನಿಲ್ದಾಣವನ್ನು ಸೇರಲಾರದೆ ಹೊಲದಲ್ಲಿ ಇಳಿಯಬೇಕಾದವನಿಗೆ ಗಾಳಿಚೀಲವಿಲ್ಲ. ಅವನು ಊರನ್ನೇ ಓದಬೇಕು. ಇಟ್ಟಿಗೆಗೂಡಿನ ಹೊಗೆ ಎಲ್ಲಕ್ಕಿಂತ ನಂಬಿಕೆಯ ಗುರುತು. ಡಿಸೆಂಬರ್ ಜನವರಿಗಳಲ್ಲಿ ಕಣದಲ್ಲಿ ರಾಗಿ ತೂರುತ್ತಿದ್ದರೆ ಹೊಟ್ಟು ಹಾರುವ ಕಡೆಯನ್ನು ನೋಡಬಹುದು. ಗಾಳಿ ಬಂದಾಗ ತೂರಿಕೊ ಎಂಬ ಗಾದೆಯನ್ನು ಇವನು ತನ್ನ ರೀತಿಯಲ್ಲಿ ಪಾಲಿಸುತ್ತಾನೆ. ಕೆರೆಗಳು ಇನ್ನೂ ಸೊಗಸಾದ ಸಾಕ್ಷಿ. ಯಾವ ದಡದ ಬಳಿ ನೀರು ಕನ್ನಡಿಯಂತೆ ನಿಶ್ಚಲವಾಗಿದೆಯೋ ಗಾಳಿ ಬರುತ್ತಿರುವುದು ಆ ಕಡೆಯಿಂದ. ಆ ದಡವೇ ಮರೆಯಾಗಿ ನಿಂತಿರುವುದರಿಂದ ಅಲ್ಲಿ ತೆರೆಯಿಲ್ಲ. ತೆರೆಗಳು ಎದುರುದಡದ ಕಡೆಗೆ ಹೋಗುತ್ತ ಬೆಳೆಯುತ್ತವೆ. ಹದ್ದು, ಕಾಗೆ, ಕೊಕ್ಕರೆಗಳು ಕೂರುವಾಗ ಗಾಳಿಗೆ ಮುಖ ಮಾಡಿ ಕೂರುವುದನ್ನು ತಾವು ಮನೆಯ ಮಹಡಿಯಿಂದಲೇ ನೋಡಬಹುದು.

ಹೊಲದಲ್ಲಿ ಗಾಳಿಯೊಂದೇ ಒಡೆಯನಲ್ಲ. ಇಳಿಜಾರು ಕಣ್ಣಿಗೆ ಕಾಣುವಷ್ಟಿದ್ದರೆ ಗಾಳಿ ಮಂದವಾಗಿದ್ದಾಗ ಏರುಮುಖವಾಗಿಯೇ ಇಳಿಯುವುದು ಲೇಸು, ಸ್ವಲ್ಪ ಹಿಂಗಾಳಿ ಬಂದರೂ ಚಿಂತೆಯಿಲ್ಲ. ನೇಗಿಲಸಾಲುಗಳಿಗೆ ಅಡ್ಡವಾಗಿ ಇಳಿಯಬಾರದು, ಸಾಲಿನ ಉದ್ದಕ್ಕೆ ಇಳಿಯಬೇಕು. ನೀಲಗಿರಿ ತೋಪಿನ ಮರೆಯ ಹೊಲ ಎಷ್ಟು ಸಮತಟ್ಟಾಗಿದ್ದರೂ, ತೋಪು ಗಾಳಿ ಬರುವ ಕಡೆಗಿದ್ದರೆ ಅದನ್ನು ಬಿಟ್ಟುಬಿಡತಕ್ಕದ್ದು. ಮರಗಳನ್ನು ದಾಟಿ ಬಿದ್ದ ಗಾಳಿ ಅಲ್ಲಿ ಸುಳಿಸುತ್ತುತ್ತಿರುತ್ತದೆ. ಕೆಂಗೇರಿಯ ಸುತ್ತ ಹಿಂದೆ ಹೊಲಗಳಿದ್ದೆಡೆ ಈಗ ಬಡಾವಣೆಗಳು ಎದ್ದಿರುವುದರಿಂದ ಈ ಆಯ್ಕೆಯೆಲ್ಲ ಬಿಡದಿಯ ದಿಕ್ಕಿಗೆ ಸರಿದಿದೆ.

ಗ್ಲೈಡರು ನಿಂತಮೇಲೂ ಗಾಳಿ ಅದನ್ನು ಬಿಡುವುದಿಲ್ಲ. ಹಗುರವಾದ ಆ ಅಗಲ ರೆಕ್ಕೆಯ ಕೆಳಗೆ ಬಲವಾದ ಗಾಳಿ ನುಗ್ಗಿದರೆ ನಿಂತ ಯಂತ್ರವೂ ಮಗುಚಿಕೊಳ್ಳಬಹುದು. ಆದಕಾರಣ ಅದನ್ನು ಗಾಳಿಗೆ ಅಡ್ಡವಾಗಿ ತಿರುಗಿಸಿ, ಗಾಳಿ ಬರುವ ಕಡೆಯ ರೆಕ್ಕೆಯ ತುದಿಯನ್ನು ನೆಲಕ್ಕೆ ತಗುಲಿಸಿ, ಅದರ ಮೇಲೊಂದು ಹಳೆಯ ಟಯರನ್ನು ಹೇರುತ್ತಾರೆ. ಅದಾಗುವವರೆಗೆ ಯಾರಾದರೊಬ್ಬರು ರೆಕ್ಕೆಯ ತುದಿಯನ್ನು ಹಿಡಿದುಕೊಂಡೇ ನಿಂತಿರಬೇಕು.